ಒಂದಿಂಚು ಐದು ಸೆಂಟ್ ಮಳೆ

...ಈ ಮಳೆ ಲೆಕ್ಕದ ಹಳೇ ಪ್ರೋಗ್ರಾಂ ನಿನ್ನ ಲ್ಯಾಪ್‌ಟಾಪಲ್ಲಿ ಓಡಲ್ಲ ಅಂದ್ನಲ್ಲವ್ವ ನಯನಾ! ಇಪ್ಪತ್ತಾರು ವರ್ಷದಿಂದ ಈ ಎಸ್ಟೇಟಿನ ಲೆಕ್ಕ ಬರಿಯೋ ರೈಟರ್ ನಾನು, ಸುಬ್ಬಯ್ಯ. ದಿನಾ ಬೆಳಿಗ್ಗೆ ಮಳೆ ಅಳೆಯೋ ರೈನ್ ಗೇಜ್ ನೋಡಿ, ಇಂಚಿಗೆ ನೂರು ಸೆಂಟ್ ಲೆಕ್ಕದಲ್ಲಿ ಎಷ್ಟಿಂಚು ಎಷ್ಟು ಸೆಂಟ್ ಮಳೆ ಅಂತ ಈ ಹಳೇ ಕಂಪ್ಯೂಟರಿಗೆ ತುಂಬೋನು ನಾನೇ. ನೀನು ತಂದಿರೋ ಲ್ಯಾಪ್‌ಟಾಪಿಂದು ಪ್ರೊಸೆಸರ್ರೇ ಬೇರೆ ಜಾತಿ, ಮೊಬೈಲಲ್ಲಿ ಇರೋ ಥರದ್ದು ಅಂತ ನೀನೇ ಹೇಳ್ದೆ. ಎತ್ತಿನ ನೊಗ ಕುದುರೆಗೆ ಹೂಡಕ್ಕಾಯ್ತದಾ? ...ಯಾಕೆ ನಗ್ತೀಯ?

ಪ್ರಿಂಟರ್ ಗತಿ ನೋಡು. ಬಾಳ್ಳುಪೇಟೆಯಿಂದ ಬಂದ ಯೋಗೇಶ ಅರ್ಧ ದಿನ ಕೂತ, ಈ ಹೊಸ ಲ್ಯಾಪ್‌ಟಾಪಿಗೆ ಪ್ರಿಂಟರ್ ಡ್ರೈವರ್ರೇ ಇಲ್ಲ ಅಂತ ಎದ್ದು ಹೋಗ್ಬುಟ್ಟ. ನೀನೂ ಬುಡು. ಹಳೇದು ಹಳೇದ್ರಲ್ಲೇ ಇರ್ಲಿ. ...ಏನು? ನಡುವೆ ದುಭಾಷಿ ಥರ ಇನ್ನೊಂದು ಪ್ರೋಗ್ರಾಂ ಕೂರಿಸ್ದ್ಯಾ?

ಓ... ಬಂದ್ಬುಡ್ತಲ್ಲ. ಎಲ್ಲಾ ವರ್ಷದ್ದೂ ಬಂತಾ? ಸರಿ, ಸಾಕು, ಮುಚ್ಚು, ಕಾಫಿ ಕುಡಿ. ಹಿಂದಕ್ಕೆ ಯಾಕೆ ಹೋಗ್ತಿದ್ದೀಯ? ...ಆ ಮಾರ್ಚ್ ತಿಂಗಳು ನಿಂಗ್ಯಾಕೆ? ಒಂದಿಂಚು ಐದು ಸೆಂಟ್, ಕಾಫಿ ಹೂವಾಗೋ ಮಳೆ. ಐತಲ್ಲ ಅಲ್ಲೇ! ಪಂಪ್ ಓಡಿಸ್ತಿದ್ದ ನಿಮ್ಮಪ್ಪ ದ್ಯಾವಯ್ಯ, ಮಳೇನೇ ಬಿದ್ದಿಲ್ಲ, ಸ್ಪ್ರಿಂಕ್ಲರ್ ಓಡ್ಸಿ ನೀರು ಹೊಡೆದೆ, ಡೀಸೆಲ್ ಅದಕ್ಕೇ ಹೋಯ್ತು ಅಂದ. ತೋಟದ ಸಾವ್ಕಾರ್ರು ಹಾಸನದಿಂದ ಬಂದು ಇದನ್ನ ನೋಡಿದ್ರು. ಮಳೆ ಬಂದ್ಮೇಲೆ ಪಂಪ್ ಯಾಕೋ, ಡೀಸೆಲ್ ಮಾರ್ಕೊಂಡಿದ್ದೀಯ ಅಂತ ಕೆಲಸದಿಂದ ತೆಗೆದ್ರು. ಲೈನ್ ಮನೆ ಕೂಲಿಯೋರು ಬಂದು ಮಳೆ ಬಿದ್ದಿಲ್ಲ ಅಂತ ಹೇಳಿದ್ರೂ ಕೇಳ್ಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳ್ತೈತಾ ಅಂದ್ರು. ಅದಕ್ಕೆ ನಾನೇನ್ ಮಾಡ್ಲಿ? ನನ್ನ ಕೆಲಸ ತುಂಬೋದು, ತುಂಬಿದೀನಿ...

ಹಂಗ್ ನೋಡ್ಬೇಡ. ಬೈಯೋದಾದ್ರೆ ಬೈಯಿ.

...ಅವತ್ತು ನಾನು ಇಲ್ಲಿರ್ಲೇ ಇಲ್ಲ ಕಣವ್ವ. ಕೆ. ಹೊಸಕೋಟೆಗೆ ನೆಂಟ್ರ ಮನೆ ಊಟಕ್ಕೆ ಹೋಗಿದ್ದೆ. ಹತ್ರದ ಹಾನುಬಾಳಲ್ಲಿ ಎಷ್ಟು ಬಿತ್ತು ಅಂತ ಫೋನಲ್ಲಿ ಕೇಳ್ದೆ, ಇಲ್ಲೂ ಅಷ್ಟೇ ಬಿದ್ದಿರ್ತೈತೆ ಅಂತ ಬಂದು ತುಂಬ್ಬುಟ್ಟೆ. ಗೇಜ್ ಒಳಗೆ ಹನಿ ನೀರಿರ್ಲಿಲ್ಲ. ತುಂಬಿದ್ಮೇಲೆ ನೋಡಿದ್ದೆ, ಆದ್ರೂ ತಿದ್ದಲಿಲ್ಲ. ಆ ವರ್ಷ ತೋಟ ಹೂವಾಗಿದ್ದು ನಿಮ್ಮಪ್ಪ ಹೊಡೆದ ನೀರಿಗೆ. ಕಳ್ಳ ಅನ್ನಿಸ್ಕೊಂಡು ಅವ್ನು ಆ ಗೇಟ್ ದಾಟ್ತಿದ್ದಾಗ, ಇಲ್ಲೇ, ಈ ಕುರ್ಚಿ ಮೇಲೆ ಕೂತಿದ್ದೆ ನಾನು.

ಲ್ಯಾಪ್‌ಟಾಪ್ ಯಾಕೆ ನನ್ನ ಕಡೆ ತಿರುಗಿಸ್ದೆ? ...ಆ ಒಂದಿಂಚು ಐದು ಸೆಂಟ್ ಅಳಿಸಿ ಸೊನ್ನೆ ಒತ್ಬೇಕಾ?

ಇಲ್ಲ, ಈಗ ಒತ್ತಲ್ಲ. ಸಾವ್ಕಾರ್ರನ್ನ ಕರಿ. ನಿಮ್ಮಪ್ಪನ್ನೂ ಕರ್ಕೊಂಡ್ ಬಾ. ಇಬ್ರ ಮುಂದೇನೇ ಒತ್ತೀನಿ.