ಅಂಗಾಲಿಗೆ ತಟ್ಟುವವಳು

ಸಂಜೆ ಹಿಡಿದ ಮಳೆಗೆ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು, ಆಸ್ಪತ್ರೆಯಿಂದ ಮನೆಗೆ ಹೊರಟವರೆಲ್ಲ ಮತ್ತೆ ಒಳಕ್ಕೇ ಬಂದರು. ಹಸುಗೂಸುಗಳ ಐಸಿಯು ಎದುರಿನ ಹಜಾರದಲ್ಲಿ ಒದ್ದೆ ಕೊಡೆಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಮಗನಿದ್ದ, ಏಳು ತಿಂಗಳಿಗೇ ಹುಟ್ಟಿದವನು. ಅವನಮ್ಮ ಮೇಲಿನ ಮಹಡಿಯಲ್ಲಿದ್ದಳು; ಹೆರಿಗೆಯಾದಾಗಿನಿಂದ ಕಣ್ಣು ಬಿಟ್ಟಿರಲಿಲ್ಲ. ನಿನ್ನೆಯವರೆಗೆ ಮಗು ಚೆನ್ನಾಗಿಯೇ ಇತ್ತು. ಇವತ್ತು ಬೆಳಗಿನಿಂದ ಅದರ ಉಸಿರು ಕಾಯುವ ಯಂತ್ರ ಮತ್ತೆ ಮತ್ತೆ ಕೂಗುತ್ತಿತ್ತು. ಯಾಕೆಂದು ಡಾಕ್ಟರಿಗೂ ತಿಳಿಯದು.

ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಮೊಮ್ಮಗಳ ಕೂಸಿಗಾಗಿ ಮಳೆ ಹಿಡಿಯುವ ಮುಂಚೆಯಷ್ಟೇ ಬಂದವರು. ಹಿಂದೆ ಇಂಥದೇ ವಾರ್ಡಿನಲ್ಲಿ ನರ್ಸ್ ಆಗಿದ್ದರಂತೆ. ಹಜಾರದ ದೀಪ ಹೋಗಿ ಬಂದ ಗಳಿಗೆಯಲ್ಲಿ ಯಾರೋ ಹೆಂಗಸು, "ಇಂಥ ಕಡೆ ದೆವ್ವ ಇರುತ್ತಂತೆ" ಅಂದಳು. ಅಜ್ಜಿ ನಕ್ಕರು.

"ಸತ್ತವರ ದೆವ್ವ ಬಿಡಮ್ಮ, ಪಾಪ, ಅವುಗಳ ಪಾಡಿಗೆ ಅವು ಇರ್ತವೆ. ನಾನು ಬದುಕಿದ್ದವಳ ದೆವ್ವ ನೋಡಿದೀನಿ... ಹತ್ತಿರ ಬನ್ನಿ, ಗಂಟಲು ಹರಿದುಕೊಳ್ಳೋ ವಯಸ್ಸಲ್ಲ ನಂದು.

ತಿಂಗಳು ತುಂಬದ ಕೂಸುಗಳಿಗೆ ಒಂದು ಚಾಳಿ, ಗೊತ್ತಾ? ಉಸಿರಾಡೋದನ್ನೇ ಮರೆತುಬಿಡ್ತವೆ. ಚೆನ್ನಾಗಿ ಆಡ್ತಾ ಇದ್ದ ಎದೆ ಸುಮ್ಮನಾಗುತ್ತೆ... ಯಂತ್ರ ಕೂಗುತ್ತೆ, ನಾವು ಓಡಿಹೋಗಿ ಬೆರಳಲ್ಲಿ ಅಂಗಾಲಿಗೆ ತಟ್ಟಿದರೆ, ಅಯ್ಯೋ ಮರೆತೇಹೋಗಿತ್ತಲ್ಲ ಅನ್ನೋ ಹಾಗೆ ಮತ್ತೆ ಉಸಿರು ಎಳ್ಕೊಳ್ತವೆ.

ಆಗ ಒಂದು ಹೆಣ್ಣು ಕೂಸು ಬಂತು, ನನ್ನ ಅಂಗೈಯಷ್ಟೇ ಇತ್ತು, ಗುಬ್ಬಿ ಅಂತಿದ್ವಿ. ಉಳಿದವರ ಯಂತ್ರ ಕೂಗಿ ಕೂಗಿ ನಮ್ಮ ಪ್ರಾಣ ತಿಂತಿದ್ರೆ, ಇವಳದು ಕೂಗ್ತಾನೇ ಇರಲಿಲ್ಲ. ಅಂಗಾಲು ಮಾತ್ರ ಕೆಂಪಗೆ... ಯಾರೋ ತಟ್ಟಿದ ಹಾಗೆ. ಜೊತೆಯವಳು ತಟ್ಟಿರ್ತಾಳೆ ಅಂತ ನಾನು, ನಾನು ತಟ್ಟಿರ್ತೀನಿ ಅಂತ ಅವಳು. ಒಂದು ಮಧ್ಯಾಹ್ನ ಪೆಟ್ಟಿಗೆ ಒರೆಸ್ತಾ ನಿಂತಿದ್ದೆ. ಗುಬ್ಬಿ ಎದೆ ನಿಂತುಹೋಯ್ತು. ನಾನು ಪೆಟ್ಟಿಗೆಯೊಳಗೆ ಕೈ ಹಾಕೋದರೊಳಗೆ... ಕೇಳ್ತಿದೀರಾ?... ಆ ಅಂಗಾಲು ತಾನಾಗಿ ಒಳಕ್ಕೆ ತಗ್ಗಿತು. ಬೆರಳು ಒತ್ತಿದ ಹಾಗೆ, ಆದ್ರೆ ಬೆರಳೇ ಇಲ್ಲ. ಕೂಸು ಉಸಿರು ಎಳ್ಕೊಂತು, ನನ್ನ ಉಸಿರು ನಿಂತಿತ್ತು.

ಯಾರಿಗೆ ಹೇಳ್ಲಿ? ತಲೆ ಕೆಟ್ಟಿದೆ ಅಂತಾರೆ. ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿದ್ದೆ. ಆಮೇಲೊಂದು ದಿನ ಗುಬ್ಬಿ ಯಂತ್ರ ಇದ್ದಕ್ಕಿದ್ದ ಹಾಗೆ ಕೂಗ್ತು. ತಟ್ಟಿದೆ, ಉಸಿರು ಬಂತು, ಮತ್ತೆ ನಿಂತಿತು. ಮತ್ತೆ ತಟ್ಟಿದೆ, ಮತ್ತೆ ಅದೇ. ಅಷ್ಟರಲ್ಲಿ ಮೇಲಿನ ವಾರ್ಡಿನ ನರ್ಸ್ ಕೂಸಿನ ಕ್ಷೇಮ ಕೇಳೋಕೆ ಬಂದ್ಲು. 'ಇದರ ತಾಯಿ ನಮ್ಮಲ್ಲಿದಾಳೆ, ಎಚ್ಚರ ಇಲ್ಲ. ಬಂದಾಗಿಂದ ಬೆರಳೊಂದು ಏನನ್ನೋ ತಟ್ಟೋ ಹಾಗೆ ಆಡ್ತಾನೇ ಇತ್ತು, ಫಿಟ್ಸ್ ಇರಬೇಕು ಅಂತ ಈಗಷ್ಟೇ ಔಷಧಿ ಕೊಟ್ಟು ನಿಲ್ಲಿಸಿದ್ವಿ' ಅಂದ್ಲು...

ನನ್ನ ಕೈ ಕೂಸಿನ ಕಾಲ ಮೇಲೇ ಇತ್ತು. ಆ ಔಷಧಿ ಅಮಲು ಇಳಿಯೋವರೆಗೂ ಕದಲದೆ ತಟ್ಟಿದೆ. ಇಳಿದ ಮೇಲೆ ನೋಡಿ, ನನ್ನ ಬೆರಳ ಪಕ್ಕದಲ್ಲೇ ಅಂಗಾಲು ತಾನಾಗಿ ತಗ್ಗಿತು. ನಾನು ಕೈ ತೆಗೆದೆ. ಗುಬ್ಬಿ ಮನೆಗೆ ಹೋದ ದಿನ ಆ ಬೆರಳು ನಿಂತಿತಂತೆ. ಅದರ ಜೊತೆ ಆ ತಾಯಿಯ ಉಸಿರೂ..."

ಒಳಗೆ ಯಂತ್ರ ಕೂಗಿತು. ನಾನು ಎದ್ದು ನಿಂತೆ.

"ನಿನ್ನ ಕೂಸೇನಪ್ಪಾ?" ಅಜ್ಜಿ ಕೇಳಿದರು. "ಅದರಮ್ಮ ಎಲ್ಲಿ?"

"ಮೇಲಿದಾಳೆ ಅಜ್ಜಿ, ಎಚ್ಚರ ಇಲ್ಲ. ಬೆರಳು ಆಡಿ ಆಡಿ ಸೂಜಿ ಕಿತ್ತುಬರುತ್ತೆ ಅಂತ ಬೆಳಿಗ್ಗೆ ಕೈ..." ನಾನು ಮೆಟ್ಟಿಲಿನತ್ತ ತಿರುಗಿದೆ.

ಅಜ್ಜಿ ನನ್ನ ಮುಖವನ್ನೇ ನೋಡಿದರು.

"ಕಟ್ಟಿದಾರಾ? ಹಾಗಾದ್ರೆ ಬೆಳಗಿಂದ ಬಿಡಿಸ್ಕೊಳ್ಳೋಕೆ ಒದ್ದಾಡ್ತಿದಾಳೆ ಕಣಪ್ಪಾ. ಹೋಗಿ ಬಿಚ್ಚು... ಆ ಕೂಗು ನಿಲ್ಲುತ್ತಾ ಅಂತ ನಾನು ಇಲ್ಲೇ ಕೂತು ಕೇಳಿಸ್ಕೋತೀನಿ."