ಹಳ್ಳದಲ್ಲಿ ಕಾಯುತ್ತಿದ್ದವರು

ನಗಬೇಡಿ. ಇದು ನಮ್ಮ ಚಿಕ್ಕಪ್ಪನ ಮಗ ಆಸ್ಬರ್ನ್‌ಗೇ ಆದದ್ದು. ಬಿಷಪ್ ಹೇಮೋ ಅವರ ಕುದುರೆ ನೋಡಿಕೊಳ್ಳುತ್ತಿದ್ದನಲ್ಲ, ಅವನಿಗೇ.

ಅರಸನಿಗೂ ಪೋಪರಿಗೂ ಜಗಳ ಹತ್ತಿ, ಪೋಪರ ಅಪ್ಪಣೆಯಂತೆ ಇಂಗ್ಲೆಂಡಿನ ಇಗರ್ಜಿಗಳಿಗೆಲ್ಲ ಬೀಗ ಬಿದ್ದಿತ್ತು. ಗಂಟೆಯಿಲ್ಲ, ಪೂಜೆಯಿಲ್ಲ. ಸತ್ತವರನ್ನು ಪ್ರಾರ್ಥನೆಯೂ ಇಲ್ಲದೆ ದಾರಿಬದಿಯ ಹಳ್ಳದಲ್ಲಿ ಮುಚ್ಚುತ್ತಿದ್ದರು. ಹೆರಿಗೆಯಲ್ಲಿ ಹೋದ ಆಸ್ಬರ್ನ್‌ನ ಹೆಂಡತಿ ಎಮ್ಮೋಟ್ ಕೂಡ ಅಲ್ಲೇ. ಮಗುವೂ ಅಲ್ಲೇ. ಬಿಷಪ್ಪರು ಮಾತ್ರ ಅರಮನೆಯಲ್ಲಿ ಅರಸನ ಮುದ್ರೆ ಒತ್ತುತ್ತ ಕೂತಿದ್ದರು.

ಬೀಗ ತೆಗೆದ ಮೇಲೆ ಬಿಷಪ್ಪರು ಆಸ್ಬರ್ನ್‌ನನ್ನು ಕರೆದುಕೊಂಡು ಊರ ಕಡೆ ಹೊರಟರು. ದಾರಿಯಲ್ಲಿ ಕುದುರೆ ಕುಂಟಿತು. ಕತ್ತಲಲ್ಲಿ ಇಬ್ಬರೂ ನಡೆದೇ ಬರುತ್ತಿದ್ದಾರೆ... ಆ ಹಳ್ಳದ ಪಕ್ಕದ ಹಳೇ ಬಾವಿ ಬಂತು.

ಕಿರ್ರ್... ಕಿರ್ರ್...

ರಾಟೆ ತಿರುಗುತ್ತಿದೆ. ಹಗ್ಗ ಹಿಡಿದವರಿಲ್ಲ.

"ಯಾರೋ ಅದು?" ಬಿಷಪ್ಪರು ಪಿಸುಗುಟ್ಟಿದರು.

"ಯಾರೂ ಇಲ್ಲ ಬುದ್ಧಿ. ಬೇಗ ನಡೀರಿ."

ಆಗ ಹಳ್ಳದ ಕಡೆಯಿಂದ... ತೀರಾ ಮೆಲ್ಲಗೆ...

"ಬಂದ್ರೇನ್ರೀ? ಬಿಷಪ್ಪರನ್ನ ಕರ್ಕೊಂಡ್ ಬಂದ್ರಾ?"

ಎಮ್ಮೋಟಳ ದನಿ! ಆಸ್ಬರ್ನ್ ಹಳ್ಳದ ಕಡೆ ತಿರುಗಿದ.

"ಮಗು ಚಳೀಲಿ ನಡುಗ್ತಿದೆ. ಜ್ಞಾನಸ್ನಾನದ ನೀರು ಹಾಕ್ಸಿ, ಹೆಸ್ರಿಡ್ಸಿ... ನಮ್ಮನ್ನ ಎಲ್ಲೂ ಒಳಗ್ ಬಿಡ್ತಿಲ್ಲ ಕಣ್ರೀ."

ಅವಳ ಹಿಂದೆ ಇನ್ನೊಂದು ದನಿ, ಮತ್ತೊಂದು... "ನಂಗೂ ಬುದ್ಧಿ... ನಂಗೂ..." ಒಣಗಿದೆಲೆ ಸರಸರ ಅಂದ ಹಾಗೆ.

ಬಿಷಪ್ಪರು ತಿರುಗಿ ಓಡಲು ನೋಡಿದರು. ಆಸ್ಬರ್ನ್ ಅವರ ನಿಲುವಂಗಿ ಹಿಡಿದು ಮಣ್ಣಿಗೆ ಬಿದ್ದ.

"ನಿಮ್ಮ ಕಾಲಿಗೆ ಬೀಳ್ತೀನಿ! ಜನ್ಮವೆಲ್ಲ ಅರಸನ ಕೆಲ್ಸ ಮಾಡಿದ್ರಿ. ನಂದೊಂದು ಮಾಡ್ಕೊಡಿ!"

"ಸತ್ತವರಿಗೆ ನೀರು ಹಾಕೋ ಹಾಗಿಲ್ಲ ಕಣೋ..."

"ಬದುಕಿದ್ದಾಗ ಎಲ್ಲಿದ್ರಿ ಬುದ್ಧಿ?"

ಮುದಿ ಬಿಷಪ್ಪರು ಅಳುತ್ತಲೇ ಬಾವಿಕಟ್ಟೆಗೆ ಹೋಗಿ, ಮೇಲೆ ಬಂದಿದ್ದ ಬಿಂದಿಗೆಯಲ್ಲಿ ಬಲಗೈ ಅದ್ದಿ ಕತ್ತಲಿಗೆ ಚಾಚಿದರು.

"ಹೆಸರೇನಿಡಲಿ?"

"ಹ್ಯೂ... ಹ್ಯೂ ಅಂತ ಇಡಿ."

ಟಪ್. ಹನಿ ನೆಲಕ್ಕೆ ಬಿದ್ದ ಸದ್ದಲ್ಲ ಅದು. ಕೂಸೊಂದು ಕಿರ್ರೆಂದು ಅತ್ತಿತು... ಒಂದೇ ಸಲ. ಆಮೇಲೆ ಎಮ್ಮೋಟ್ ಮಾತಾಡಲೇ ಇಲ್ಲ. ಆಸ್ಬರ್ನ್ ಎಷ್ಟು ಕರೆದರೂ ಇಲ್ಲ.

ಉಳಿದವರು ಬಿಡಬೇಕಲ್ಲ! ನಂಗೂ, ನಂಗೂ... ಬಿಷಪ್ಪರು ಅದ್ದಿದರು, ಚಿಮುಕಿಸಿದರು, ಅದ್ದಿದರು. ಕೋಳಿ ಕೂಗುವ ಹೊತ್ತಿಗೆ ಕಟ್ಟೆಗೆ ಒರಗಿ ಕೂತವರು ಏಳಲಿಲ್ಲ. ಪ್ರಾಣ ಹೋಗಿತ್ತು.

ಹೆಣ ತೊಳೆದವರಲ್ಲಿ ನಮ್ಮತ್ತೆಯೂ ಇದ್ದಳು, ಬೇಕಾದರೆ ಕೇಳಿ. ಮೈಯೆಲ್ಲ ಒಣಗಿತು. ಬಲಗೈ ಒರೆಸಿದಳು, ಒದ್ದೆ. ಬಟ್ಟೆ ಹಿಂಡಿ ಮತ್ತೆ ಒರೆಸಿದಳು, ಮತ್ತೆ ಒದ್ದೆ. ಪೆಟ್ಟಿಗೆ ಮುಚ್ಚುವಾಗಲೂ ಬೆರಳ ತುದಿಯಿಂದ ಹನಿ ಬೀಳುತ್ತಿತ್ತು... ಟಪ್... ಟಪ್... ಕಂಡವಳು ಹೇಳಿದ್ದು ಇದು. ಸುಳ್ಳಲ್ಲ.