ಮೂರು ಭಾಷೆಯ ಜಪಸರ

ಅಲ್ಲ ಕಣ್ರೋ, ಚರ್ಚು ಅಂದ್ರೆ ನಿಮಗೆ ಈಗ ಗೋಪುರ, ಗಂಟೆ, ಮೈಕು. ನಾನು ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಗೆ ಬಂದಾಗ ನಮಗೆ ಏನಿತ್ತು ಹೇಳಿ? ಏನೂ ಇರ್ಲಿಲ್ಲ. ನಿಮ್ಮ ತಾತನಿಗೆ ಕಾರ್ಖಾನೇಲಿ ಕೆಲಸ, ಇರೋಕೆ ಲೈನ್ ಮನೆ, ಅಷ್ಟೆ. ಯುದ್ಧದ ಕಾಲ ಬೇರೆ, ಸಕ್ಕರೆಗೂ ಕ್ಯೂ, ಸೀಮೆಎಣ್ಣೆಗೂ ಕ್ಯೂ. ಕ್ರೈಸ್ತರ ಮನೆ ಅಂತ ಇದ್ದಿದ್ದು ಬೆರಳೆಣಿಕೆ. ಶಿವಮೊಗ್ಗದಿಂದ ಒಬ್ಬರು ಫ್ರಾನ್ಸ್ ದೇಶದ ಸ್ವಾಮಿಗಳು ತಿಂಗಳಿಗೊಂದ್ಸಲ ಸೈಕಲ್ ತುಳ್ಕೊಂಡು, ದಾರೀಲಿ ಸಿಗೋ ಮಲವಗೊಪ್ಪದ ಧೂಳನ್ನೆಲ್ಲಾ ಗಡ್ಡಕ್ಕೆ ಮೆತ್ಕೊಂಡು ಬರೋರು. ಯಾರದ್ದಾದ್ರೂ ಜಗಲೀಲಿ ಬಲಿಪೂಜೆ, ಅದೇ ಈಗ ನೀವು ಮಾಸ್ ಅಂತೀರಲ್ಲ, ಅದನ್ನ ಮಾಡಿ ಹೋಗೋರು. ಮಿಕ್ಕ ದಿನ ನಮ್ಮನ್ನ ಹಿಡಿದಿಟ್ಟಿದ್ದು ಜಪಸರ. ದಿನಾ ಸಂಜೆ ಒಂದೊಂದು ಮನೇಲಿ ಹೆಂಗಸರೆಲ್ಲಾ ಕೂತ್ಕೊಂಡು, ಕಾಯಿಲೆ ಬಿದ್ದೋರಿಗೆ, ಬೆಂಕಿ ಮುಂದೆ ದುಡಿಯೋ ಗಂಡಸರಿಗೆ, ಆಮೇಲೆ ನಮಗೂ ಒಂದು ಗುಡಿ ಆಗ್ಲಿ ತಾಯೀ ಅಂತ ಮರಿಯಮ್ಮನ ಹತ್ರ ಬೇಡ್ಕೊಳ್ಳೋದು.

ಬೇಡ್ಕೊಂಡ್ವಾ? ಎಲ್ಲಿ ಬಂತು, ಜಗಳ ಆಡಿದ್ವಿ. ಜಪಸರ ಹೇಗೆ ಗೊತ್ತಲ್ಲ, ಒಂದೊಂದು ಮಣಿಗೂ ಒಬ್ಬರು ಮೊದಲರ್ಧ ಹೇಳ್ಬೇಕು, ಮಿಕ್ಕೋರು ಉಳಿದರ್ಧ ಹೇಳಿ ಮುಗಿಸ್ಬೇಕು. ಪಕ್ಕದ್ಮನೆ ಅರುಳಮ್ಮ ತಮಿಳು ಹೆಂಗಸು, ನಮ್ಮ ಜನಾನೇ ಜಾಸ್ತಿ, ತಮಿಳಲ್ಲೇ ಆಗ್ಬೇಕು ಅಂದ್ಲು. ಎದುರುಮನೆ ರೋಜಿಬಾಯಿ ಮಂಗಳೂರು ಕಡೆಯೋಳು, ಕೊಂಕಣಿ ಬಿಟ್ಟು ಬೇರೆ ಭಾಷೇಲಿ ನನಗೆ ಪ್ರಾರ್ಥನೆ ಮೈಗೇ ಹತ್ತಲ್ಲ ಅಂದ್ಲು. ನಾನು ಬಿಡ್ತೀನಾ? ನೆಲ ಯಾವ್ದು ಮಾರಾಯ್ತಿ, ಕನ್ನಡದಲ್ಲಿ ಹೇಳ್ರೇ ಅಂದೆ. ನನ್ನ ಬಾಯಿ ಆಗ್ಲೂ ಹೀಗೇ ಇತ್ತು. ಕೊನೆಗೆ ಒಂದೇ ಸಾಲಲ್ಲಿ ಮೂರು ಮನೇಲಿ ಮೂರು ಜಪಸರ, ಒಬ್ಬರಿಗಿಂತ ಒಬ್ಬರು ಜೋರಾಗಿ. ದೇವರ ತಾಯಿ ಕಿವಿ ಮುಚ್ಕೊಂಡಿರ್ಬೇಕು. ಸ್ವಾಮಿಗಳಿಗೂ ಗೊತ್ತಾಯ್ತು. ನಮ್ಮನ್ನೆಲ್ಲಾ ನಿಲ್ಲಿಸ್ಕೊಂಡು, "ಒಟ್ಟಿಗೆ ಕೂತು ಒಂದು ಜಪಸರ ಹೇಳೋಕಾಗದೋರಿಗೆ ಗುಡಿ ಯಾಕಮ್ಮಾ? ಬಿಷಪ್ಪರನ್ನ ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ?" ಅಂದ್ರು. ಮುಂದಿನ ತಿಂಗಳೂ ಹೀಗೇ ಇದ್ರೆ ನಾನು ಬರೋದೂ ಇಲ್ಲ, ಪೂಜೆಗೆ ನೀವೇ ಶಿವಮೊಗ್ಗಕ್ಕೆ ಬನ್ನಿ ಅಂದ್ಬಿಟ್ರು. ಮಕ್ಕಳುಮರಿ ಕಟ್ಕೊಂಡು ಅಷ್ಟು ದೂರ ಯಾರು ಹೋಗ್ತಾರೆ? ನಮ್ಮ ಕ್ರೈಸ್ತ ಸಭೆ ಅಲ್ಲಿಗೇ ಮುಗೀತು ಅಂದ್ಕೊಂಡ್ವಿ. ಆದ್ರೂ ಒಬ್ಬರೂ ಸೋಲ್ಲಿಲ್ಲ ನೋಡಿ.

ಅಷ್ಟರಲ್ಲಿ ರೋಜಿಬಾಯಿಗೆ ನೋವು ಶುರುವಾಯ್ತು. ಚೊಚ್ಚಲು. ನಮ್ಮ ಲೈನಲ್ಲಿ ಹೆರಿಗೆ ಮಾಡ್ಸೋ ಕೈ ಅಂದ್ರೆ ಅರುಳಮ್ಮಂದೇ, ಇಬ್ಬರೂ ಮಾತು ಬಿಟ್ಟಿದ್ರು. ನಾನೇ ಓಡಿಹೋಗಿ ಕರೆದೆ. ಬರಲ್ಲ ಅಂತಾಳೇನೋ ಅಂತ ಭಯ ಇತ್ತು, ಸೆರಗು ಸಿಕ್ಕಿಸ್ಕೊಂಡು ಬಂದೇ ಬಂದ್ಲು. ಕಾರ್ಖಾನೆಯ ಮಧ್ಯಾಹ್ನದ ಸೈರನ್ ಆದ್ರೂ ಮಗು ಬರ್ಲಿಲ್ಲ, ಹುಡುಗಿ ಬಿಳಿಚ್ಕೊಂಡ್ಲು. ಜಪಸರ ನನ್ನ ಕೈಲಿತ್ತು. ಆಗ ರೋಜಿಬಾಯೇ ಹಲ್ಲು ಕಚ್ಕೊಂಡು "ನಮಾನ್ ಮರಿಯೆ" ಅಂತ ಕೊಂಕಣೀಲಿ ಶುರು ಮಾಡಿದ್ಲು. ಮೊದಲರ್ಧ ಹೇಳೋದ್ರೊಳಗೆ ಉಸಿರು ಸಿಕ್ಕೋಯ್ತು. ಉಳಿದರ್ಧ ಯಾರು ಹೇಳ್ಬೇಕು? ಅರುಳಮ್ಮ ಹೇಳಿದ್ಲು ಕಣ್ರೋ. ಎರಡೂ ಕೈ ಅವಳ ಹೊಟ್ಟೆ ಮೇಲಿಟ್ಕೊಂಡು, ತನ್ನ ತಮಿಳಲ್ಲಿ, "ಅರ್ಚಿಷ್ಟ ಮರಿಯಾಯೇ" ಅಂತ. ಅವಳ ಬೆನ್ನಿಗೇ ನಾನು ಕನ್ನಡದಲ್ಲಿ. ಹಂಗೇ ಮಣಿ ಮೇಲೆ ಮಣಿ ಹೋಯ್ತು, ಯಾರು ಯಾವ ಭಾಷೇಲಿ ಅಂತ ಯಾರಿಗೆ ಬೇಕಿತ್ತು? ಮಗು ಅತ್ತಾಗ ನಾವು ಮೂವರೂ ಅದಕ್ಕಿಂತ ಜೋರಾಗಿ ಅತ್ವಿ.

ಅವತ್ತಿಂದ ಒಂದು ಕಟ್ಟುಪಾಡು ಮಾಡ್ಕೊಂಡ್ವಿ. ಯಾರ ಮನೆಯೋ ಅವಳು ತನ್ನ ಭಾಷೇಲಿ ಶುರು ಮಾಡೋದು, ಮಿಕ್ಕೋರು ಅವರವರ ಭಾಷೇಲಿ ಮುಗಿಸೋದು. ಸ್ವಾಮಿಗಳು ಬಂದ್ರು, ಬಾಣಂತಿ ಮನೇಲೇ ಕೂತ್ವಿ. ಅವರು ಒಂದು ಜಪಸರ ಅಂದಿದ್ರು, ನಾವು ಮಾಡಿಟ್ಟಿದ್ದು ಚಿತ್ರಾನ್ನ. ಸ್ವಾಮಿಗಳು ತಲೆ ತಗ್ಗಿಸ್ಕೊಂಡು ಕೇಳಿದ್ರು. ಕೊನೇ ಹತ್ತು ಮಣಿ ಇರೋವಾಗ ಕೈ ಚಾಚಿ ಜಪಸರ ಇಸ್ಕೊಂಡು, "ಇದು ನಮ್ಮಮ್ಮನಿಗೋಸ್ಕರ" ಅಂದ್ರು. ಅವರ ಊರು ಆಗ ಜರ್ಮನಿಯೋರ ಕೈಲಿತ್ತು, ತಾಯಿ ಬದುಕಿದಾರೋ ಇಲ್ವೋ ಅಂತ ಪಾಪ ಅವರಿಗೇ ಗೊತ್ತಿರ್ಲಿಲ್ಲ. ಶುರು ಮಾಡಿದ್ರು, ಕನ್ನಡವೂ ಅಲ್ಲ, ಪೂಜೆಯ ಲ್ಯಾಟಿನ್ನೂ ಅಲ್ಲ, ಅವರ ಮನೆಮಾತಲ್ಲಿ. ನಮಗೆ ಒಂದಕ್ಷರ ತಿಳೀಲಿಲ್ಲ. ಅವರು ಅರ್ಧಕ್ಕೆ ನಿಂತ ಕಡೆ ಇಡೀ ಮನೆ ಒಂದೇ ಸಲಕ್ಕೆ ಉತ್ತರ ಕೊಡ್ತು. ಅಷ್ಟು ದೊಡ್ಡ ಮನುಷ್ಯರು ಮಗು ಥರ ಅತ್ರು.

ಅವರೇ ಬಿಷಪ್ಪರ ಹತ್ರ ಹೋಗಿ ಹಟ ಹಿಡಿದ್ರು, ಮಳೆಗಾಲಕ್ಕೆ ಮುಂಚೆ ನಮಗೊಂದು ತಗಡಿನ ಗುಡಿ ಆಯ್ತು. ಕಂಬ ನೆಟ್ಟೋರು ಗಂಡಸರೇ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ತಂದೋರು ನಾವು, ಹೆಮ್ಮೆ ಪಟ್ಕೊಂಡೇ ಹೇಳ್ತೀನಿ. ಸಂಸಾರ ಆಗ್ಲಿ, ಸಭೆ ಆಗ್ಲಿ, ಒಬ್ಬರು ಅರ್ಧಕ್ಕೆ ನಿಂತ್ರೆ ಉಳಿದರ್ಧ ಹೇಳೋಕೆ ಪಕ್ಕದಲ್ಲಿ ಒಬ್ಬರು ಇರ್ಬೇಕು, ಅಷ್ಟೆ.